ಮೇಳ ಬಿಟ್ಟವರು

ಮೇ ಕೊನೆಗೆ ಬರುವ ಪತ್ತನಾಜೆ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆಯಿತು ಅಂದರೆ ನಮ್ಮ ಮನೆ ಜಗಲಿಯಲ್ಲಿ ಎರಡು ಬಗೆಯ ಪಂಚಾಯತಿಕೆ ಶುರುವಾಗುತ್ತದೆ. ಒಂದು ಅಪ್ಪ ಮತ್ತು ಅವರ ಸ್ನೇಹಿತರದ್ದು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಬರುವ ತಿರುಗಾಟಕ್ಕೆ ಹಾಡಿ ಆಟ ನಡೆಸುವ ಭಾಗವತರು ಯಾರು ಯಾವ ಮೇಳಕ್ಕೆ, ಯಾವ ಪುಂಡುವೇಷದವ ಯಾರ ಮೇಲೆ ಬೇಸರ ಮಾಡಿಕೊಂಡು ಹೊರಟ, ಅವನ ಜಾಗಕ್ಕೆ ಯಾರು. ಇನ್ನೊಂದು ನಮ್ಮದು. ಅಷ್ಟು ಹೊತ್ತಿಗೆ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್, ಮುಗಿದಿರುತ್ತದೆ. ನಮ್ಮ ಕೇರಳ ಬ್ಲಾಸ್ಟರ್ಸ್ ಎಂದಿನಂತೆ ಕಪ್ ಗೆದ್ದಿರುವುದಿಲ್ಲ. ಕೋಚ್ ಇರುತ್ತಾರೋ ಹೋಗುತ್ತಾರೋ, ಒಳ್ಳೆ ಆಟಗಾರರನ್ನು ಈ ಸಲ ಯಾರು ಎಳೆದುಕೊಳ್ಳುತ್ತಾರೋ ಅಂತ ನಾವು ಮೊಬೈಲ್ ಹಿಡಿದು ಕೂತಿರುತ್ತೇವೆ.

ಎರಡೂ ಗುಂಪಿಗೆ ಒಂದೇ ಚಹಾ, ಒಂದೇ ಎಲೆಯಡಿಕೆ ಹರಿವಾಣ. ಹೆಸರುಗಳು ಮಾತ್ರ ಬೇರೆ.

ಬಹಳ ವರ್ಷ ಈ ಎರಡು ಗುಂಪುಗಳಿಗೆ ಹೊಕ್ಕುಬಳಕೆ ಇರಲಿಲ್ಲ. ಅಪ್ಪನಿಗೆ ಫುಟ್‌ಬಾಲ್ ಅಂದರೆ ಕೊಯ್ಲಾದ ಗದ್ದೆಯಲ್ಲಿ ಲೈಟು ಹಾಕಿ, ಅಡಿಕೆ ಮರದ ಗ್ಯಾಲರಿ ಕಟ್ಟಿ, ಮೈಕಿನಲ್ಲಿ ಬೊಬ್ಬೆ ಹೊಡೆಯುವ, ಏಳೇಳು ಜನ ಆಡುವ ಸೆವೆನ್ಸ್ ಗದ್ದಲ. ನನಗೆ ಯಕ್ಷಗಾನ ಅಂದರೆ ಅರ್ಧ ರಾತ್ರಿಯ ನಂತರದ ನಿದ್ದೆ. ಆದರೆ ಈಚೆಗೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಇವರು ಹಳೆಯ ಕಲಾವಿದರ ಬಗ್ಗೆ ಮಾತಾಡುವ ಧಾಟಿಯೂ ನಾವು ಹಳೆಯ ಆಟಗಾರರ ಬಗ್ಗೆ ಮಾತಾಡುವ ಧಾಟಿಯೂ ಒಂದೇ. ಒಂದು ವ್ಯತ್ಯಾಸ ಬಿಟ್ಟು. ಮೇಳ ಬಿಟ್ಟವನನ್ನು ಇವರು ಬೈಯುವುದಿಲ್ಲ. ನಾವು ಬೈಯುತ್ತೇವೆ. ಅಥವಾ ಬೈಯುತ್ತಿದ್ದೆವು.

ನಮ್ಮದು ಬದಿಯಡ್ಕದ ಕಡೆ. ಕಾಸರಗೋಡು ಜಿಲ್ಲೆ, ಕೇರಳ ರಾಜ್ಯ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ನಾನು ಓದಿದ್ದು ಕನ್ನಡ ಮೀಡಿಯಂ. 1956ರ ನವೆಂಬರ್ ಒಂದಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಬಿಚ್ಚಿದರೆ ಫುಟ್‌ಬಾಲಿಗೆ ಜಾಗ ಉಳಿಯುವುದಿಲ್ಲ.

ಬೆಂಗಳೂರಿನಲ್ಲಿರುವ ನೆಂಟರು ಕೇಳುವುದು ಒಂದೇ ಪ್ರಶ್ನೆ. "ನೀವು ಕನ್ನಡದವರು, ಬೆಂಗಳೂರು ಎಫ್‌ಸಿಗೆ ಸಪೋರ್ಟ್ ಮಾಡೋದು ಬಿಟ್ಟು ಇದೇನು?" ನನ್ನಲ್ಲಿ ಇದಕ್ಕೆ ದೊಡ್ಡ ಉತ್ತರ ಇಲ್ಲ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಬೆಂಗಳೂರು ಅದರಲ್ಲಿ ಇರಲಿಲ್ಲ, ದೇಶದ ಇನ್ನೊಂದು ಲೀಗ್ ಆದ ಐ-ಲೀಗ್‌ನಲ್ಲಿ ಇತ್ತು. ನಮ್ಮ ಪೇಟೆಯ ಹೋಟೆಲಿನ ಇಚ್ಚ ಟಿವಿಯಲ್ಲಿ ಹಾಕುತ್ತಿದ್ದದ್ದು ಬ್ಲಾಸ್ಟರ್ಸ್ ಆಟ. ನಾನು ಅಲ್ಲಿ ಚಹಾ ಕುಡಿಯುತ್ತಿದ್ದೆ. ಅಷ್ಟೇ. ಭಕ್ತಿಗಳೆಲ್ಲ ಹೀಗೆಯೇ ಹುಟ್ಟುವುದು ಅಂತ ಕಾಣುತ್ತದೆ. ಮತ್ತೆ ನೋಡಿ, ಕೇರಳದ ತಂಡದ್ದು ಅರಿಶಿನದ ಹಳದಿ ಅಂಗಿ, ಬೆಂಗಳೂರಿನದ್ದು ನೀಲಿ. ರಾಜ್ಯೋತ್ಸವದ ದಿನ ಯಾವುದನ್ನು ಹಾಕಿಕೊಂಡು ಹೋದರೆ ಚಂದ ಕಾಣುತ್ತದೆ ಅಂತ ನಾನು ಆ ನೆಂಟರಿಗೆ ತಿರುಗಿ ಕೇಳುತ್ತೇನೆ. ಅವರು ನಗುತ್ತಾರೆ, ಒಪ್ಪುವುದಿಲ್ಲ.

ಆ ಮೊದಲ ವರ್ಷದ ತಂಡದ ಕೋಚ್ ಡೇವಿಡ್ ಜೇಮ್ಸ್. ಇಂಗ್ಲೆಂಡಿನ ಹಳೆಯ ಗೋಲ್‌ಕೀಪರ್. ಅವರೇ ಕೋಚ್, ಅವರೇ ಗೋಲಿನಲ್ಲಿ ನಿಲ್ಲುವವರು. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ಭಾಗವತಿಕೆಯೂ ಅವರದ್ದೇ, ವೇಷವೂ ಅವರದ್ದೇ. ಮುಂದುಗಡೆ ಕೆನಡಾದ ಇಯಾನ್ ಹ್ಯೂಮ್. ಗಿಡ್ಡ ಜನ, ಬೋಳು ತಲೆ. 2008ರಲ್ಲಿ ಇಂಗ್ಲೆಂಡಿನಲ್ಲಿ ಆಡುವಾಗ ಎದುರಾಳಿಯ ಮೊಣಕೈ ಬಡಿದು ಅವರ ತಲೆಬುರುಡೆಯೇ ಒಡೆದಿತ್ತು. ಅಂಥ ತಲೆ ಇಟ್ಟುಕೊಂಡು ಈ ಮನುಷ್ಯ ಎಲ್ಲದಕ್ಕೂ ತಲೆ ಕೊಡುತ್ತಿದ್ದರು. ಆ ವರ್ಷ ಐದು ಗೋಲು ಹೊಡೆದರು. ಕೇರಳ ಇಡೀ ಅವರನ್ನು ಹ್ಯೂಮೇಟ್ಟನ್ ಅಂತ ಕರೆಯಿತು. ಏಟ್ಟನ್ ಅಂದರೆ ಅಣ್ಣ. ನಾನು ಮನೆಯಲ್ಲಿ ಹ್ಯೂಮಣ್ಣ ಅಂತ ಹೇಳಿ ನೋಡಿದೆ. ಯಾಕೋ ಹಿಡಿಸಲಿಲ್ಲ. ಕೆಲವು ಸಂಬಂಧ ಕೆಲವು ಭಾಷೆಯಲ್ಲೇ ಕೂತಿರುತ್ತದೆ.

ಚೆನ್ನೈಯಿನ್ ವಿರುದ್ಧದ ಎರಡು ಪಂದ್ಯಗಳ ಸೆಮಿಫೈನಲ್ ನೆನಪಾದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಕೊಚ್ಚಿಯಲ್ಲಿ 3-0 ಗೆದ್ದೆವು. ಕೊನೆಯದ್ದು ವಯನಾಡಿನ ಸುಶಾಂತ್ ಮ್ಯಾಥ್ಯೂ ಎಡಗಾಲಿನಲ್ಲಿ ದೂರದಿಂದ ಬಾಗಿಸಿ ಕಳಿಸಿದ ಚೆಂಡು. ಇನ್ನೇನು ಫೈನಲ್ ಅಂತ ಇಚ್ಚ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟರು. ಚೆನ್ನೈಗೆ ಹೋಗಿ 90 ನಿಮಿಷದಲ್ಲಿ ಅದೇ ಮೂರನ್ನು ವಾಪಸ್ ಕೊಟ್ಟು ಬಂದೆವು. ಹೆಚ್ಚುವರಿ ಸಮಯದ ಕೊನೆಗೆ ಸ್ಕಾಟ್ಲೆಂಡಿನ ಸ್ಟೀಫನ್ ಪಿಯರ್ಸನ್ ಒಂದು ಹೊಡೆದು ಮಾನ ಉಳಿಸಿದರು. ಪಿಯರ್ಸನ್ ನೆನಪುಂಟಾ ಅಂತ ನಮ್ಮ ಗುಂಪಿನಲ್ಲಿ ಯಾರಾದರೂ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಸುಮ್ನೆ ಕಣ್ಣು ಮುಚ್ಚುತ್ತಾರೆ.

ಫೈನಲ್ ಡಿಸೆಂಬರ್ 20ಕ್ಕೆ, ಮುಂಬೈಯಲ್ಲಿ. ಎದುರು ಕೋಲ್ಕತ್ತ. ಇಡೀ ಆಟ 0-0. ಐದು ನಿಮಿಷದ ಹೆಚ್ಚುವರಿಯ ಕೊನೆಯ ಹೊತ್ತಿಗೆ ಮೊಹಮ್ಮದ್ ರಫೀಕ್ ಅಂತ ಬದಲಿಯಾಗಿ ಬಂದವ ತಲೆ ಕೊಟ್ಟು ಗೋಲು ಹೊಡೆದ. ಮುಗಿಯಿತು. ಈ ರಫೀಕ್ ಎಂಬ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ.

2015ರ ಬಗ್ಗೆ ನಮ್ಮ ಜಗಲಿಯಲ್ಲಿ ಮಾತಿಲ್ಲ. ಪೀಟರ್ ಟೇಲರ್ ಬಂದರು, ಅರ್ಧದಲ್ಲಿ ಹೋದರು, ಟೆರ್ರಿ ಫೆಲನ್ ಬಂದರು, ತಂಡ ಕಟ್ಟಕಡೆಯಲ್ಲಿ ನಿಂತಿತು. ಆ ವರ್ಷದ ಒಂದೇ ಒಳ್ಳೆಯ ನೆನಪು ಸ್ಪೇನಿನ ಹುಡುಗ ಹೋಸು. ಅಷ್ಟು ಸಾಕು.

ಆದರೆ ಅದೇ ವರ್ಷ ಸದ್ದಿಲ್ಲದೆ ಒಬ್ಬರು ತಂಡಕ್ಕೆ ಬಂದಿದ್ದರು. ಮೊಹಮ್ಮದ್ ರಾಫಿ. ನಮ್ಮ ಜಿಲ್ಲೆಯವರೇ, ತೆಂಕು ತುದಿಯ ತೃಕರಿಪುರದವರು. ತೃಕರಿಪುರದಲ್ಲಿ ಮಕ್ಕಳು ಚೆಂಡು ಒದ್ದೇ ನಡೆಯಲು ಕಲಿಯುತ್ತಾರೆ ಅಂತ ತಮಾಷೆ ಉಂಟು. ಭಾರತ ತಂಡದ ಡಿಫೆಂಡರ್ ಆಗಿದ್ದ ಎಂ. ಸುರೇಶ್ ಕೂಡ ಅಲ್ಲಿಯವರೇ. ಬಡಗಿನ ನಮಗೆ ತೃಕರಿಪುರ ಸ್ವಲ್ಪ ದೂರದ ನೆಂಟ. ಚಂದ್ರಗಿರಿ ಹೊಳೆ ದಾಟಿದರೆ ಕನ್ನಡ ಕಡಿಮೆ, ಅಡಿಕೆಯೂ ಕಡಿಮೆ. ಆದರೂ ಒಂದೇ ಜಿಲ್ಲೆ ಅಲ್ವಾ. ರಾಫಿ ಮಹೀಂದ್ರ ಯುನೈಟೆಡ್‌ನಂಥ ದೊಡ್ಡ ತಂಡಗಳಲ್ಲಿ ಆಡಿ ಬಂದವರು. ಚೆಂಡು ಮೇಲೆ ಬಂದರೆ ಅವರದ್ದೇ. ಅದಕ್ಕೆ ಅವರಿಗೆ ಹೆಡ್‌ಮಾಸ್ಟರ್ ಅಂತ ಹೆಸರು. 2014ರಲ್ಲಿ ಇವರು ಎಲ್ಲಿದ್ದರು ಗೊತ್ತಾ? ಕೋಲ್ಕತ್ತದ ತಂಡದಲ್ಲಿ. ನಮ್ಮನ್ನು ಸೋಲಿಸಿ ಕಪ್ ಎತ್ತಿದ ಅದೇ ತಂಡ.

2016ಕ್ಕೆ ಸ್ಟೀವ್ ಕೊಪ್ಪೆಲ್ ಕೋಚ್ ಆಗಿ ಬಂದರು. ಹಿಂದೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಬಲಬದಿಯಲ್ಲಿ ಓಡುತ್ತಿದ್ದವರು. ಆಮೇಲೆ ರೀಡಿಂಗ್ ಎಂಬ ತಂಡವನ್ನು ಒಂದೇ ಸೀಸನ್‌ನಲ್ಲಿ 106 ಅಂಕಕ್ಕೆ ಏರಿಸಿದ ಕೋಚ್. ನಮ್ಮಲ್ಲಿಗೆ ಬರುವಾಗ ಅರವತ್ತು ದಾಟಿತ್ತು. ಗೋಲಾದರೂ ಅದೇ ಮುಖ, ಗೋಲು ಬಿದ್ದರೂ ಅದೇ ಮುಖ. ಜನ ಅವರನ್ನು ಕೊಪ್ಪೆಲಾಶಾನ್ ಅಂದರು. ಆಶಾನ್ ಅಂದರೆ ಗುರು, ನಮ್ಮ ಮಾಸ್ಟ್ರು ಇದ್ದ ಹಾಗೆ. ಒಳ್ಳೆ ಭಾಗವತರು ಹಾಗೆಯೇ ಇರುತ್ತಾರಂತೆ. ರಂಗದಲ್ಲಿ ಎಷ್ಟೇ ಕುಣಿತ ಆಗಲಿ, ಅವರು ಜಾಗಟೆ ಹಿಡಿದು ನೆಟ್ಟಗೆ ಕೂತಿರುತ್ತಾರೆ. ಇದು ಅಪ್ಪ ಹೇಳಿದ್ದು. ಕೊಪ್ಪೆಲ್ ಬಗ್ಗೆ ಅಲ್ಲ, ಆದರೆ ನನಗೆ ಕೊಪ್ಪೆಲ್ ನೆನಪಾದರು.

ಶುರುವಿನಲ್ಲಿ ತಂಡಕ್ಕೆ ಗೋಲೇ ಬರಲಿಲ್ಲ. ನವೆಂಬರ್ ಮೊದಲ ವಾರ ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ನಡೆಯಿತು. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಆ ಫೈನಲ್ ಮುಟ್ಟಿರಲಿಲ್ಲ. ಮುಟ್ಟಿದ್ದು ಬೆಂಗಳೂರು ಎಫ್‌ಸಿ. ಇರಾಕಿನ ತಂಡದ ಎದುರು 1-0 ಸೋತರು. ಅದರಲ್ಲಿ ನೀಲಿ ಅಂಗಿ ಹಾಕಿ ಆಡಿದ ಕಣ್ಣೂರಿನ ಸಿ.ಕೆ. ವಿನೀತ್ ಅದು ಮುಗಿಸಿ ಸೀದಾ ಕೊಚ್ಚಿಗೆ ಬಂದು ಹಳದಿ ಅಂಗಿ ಹಾಕಿದರು. ಬಂದವರೇ ಐದು ಗೋಲು. ಬೆಂಗಳೂರಿನಲ್ಲಿರುವ ನನ್ನ ದೊಡ್ಡಪ್ಪನ ಮಗ ಅಣ್ಣ ಆಗ ಫೋನಿನಲ್ಲಿ ಹೇಳಿದ್ದು ಈಗಲೂ ನೆನಪುಂಟು. "ನಮ್ಮ ಸಾಲದಲ್ಲಿ ನೀವು ಮದುವೆ ಮಾಡ್ತಾ ಇದ್ದೀರಿ, ತಮ್ಮಾ."

ಡಿಸೆಂಬರ್ 18, ಭಾನುವಾರ. ಫೈನಲ್ ಕೊಚ್ಚಿಯಲ್ಲೇ. ಎದುರು ಮತ್ತೆ ಕೋಲ್ಕತ್ತ. ನಮ್ಮಲ್ಲಿಂದ ಕೊಚ್ಚಿಗೆ ಹತ್ತಿರ ಹತ್ತಿರ 400 ಕಿಲೋಮೀಟರ್. ಹೋಗಲಿಕ್ಕೆ ಮನಸ್ಸಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ನೋಟು ರದ್ದಾಗಿ ಒಂದೂವರೆ ತಿಂಗಳೂ ಆಗಿರಲಿಲ್ಲ. ಅಡಿಕೆ ಕೊಟ್ಟರೆ ನಗದು ಇಲ್ಲ, ಬ್ಯಾಂಕಿನ ಎದುರು ಸಾಲು. ಹಾಗಾಗಿ ನಮ್ಮ ಅಂಗಳದಲ್ಲೇ ಟಿವಿ ಇಟ್ಟೆವು. ಒಣಗಲು ಹಾಕಿದ ಅಡಿಕೆಯನ್ನು ಒಂದು ಬದಿಗೆ ರಾಶಿ ಎಳೆದು, ಜಾಗ ಮಾಡಿ, ಚಾಪೆ ಹಾಕಿದೆವು. ಇಚ್ಚ ಹೋಟೆಲು ಬೇಗ ಮುಚ್ಚಿ ಬಂದರು. ಟೈಲರ್ ಏಟ್ಟನ್ ಬಂದರು. ಅಕ್ಕಪಕ್ಕದ ಮಕ್ಕಳೆಲ್ಲ ಬಂದರು. ಅಮ್ಮ ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ ಕಲಸಿ ಇಟ್ಟರು.

37ನೇ ನಿಮಿಷ. ಮೆಹ್ತಾಬ್ ಹುಸೇನ್ ಕಾರ್ನರ್ ಹಾಕಿದರು. ಗುಂಪಿನ ನಡುವಿನಿಂದ ಒಂದು ತಲೆ ಮೇಲೆದ್ದಿತು. ರಾಫಿ.

ಆ ಬೊಬ್ಬೆ ಹೇಗೆ ವಿವರಿಸುವುದು ನನಗೆ ಗೊತ್ತಾಗುವುದಿಲ್ಲ. ಅಡಿಕೆ ರಾಶಿಯ ಮೇಲೆ ಯಾರೋ ಬಿದ್ದು ಅಂಗಳ ತುಂಬ ಅಡಿಕೆ ಉರುಳಿತು. ಅಪ್ಪ ಒಳಗಿಂದ ಓಡಿ ಬಂದದ್ದು ಹಾವೋ ಏನೋ ಅಂತ. ಇಚ್ಚ ನನ್ನ ಭುಜ ಹಿಡಿದು ಅಲುಗಾಡಿಸುತ್ತಾ "ನಮ್ಮವ, ನಮ್ಮ ಜಿಲ್ಲೆಯವ" ಅಂತ ಕನ್ನಡದಲ್ಲೇ ಹೇಳುತ್ತಿದ್ದರು. ಅವರು ಸಾಧಾರಣ ನನ್ನ ಹತ್ತಿರ ಮಲಯಾಳದಲ್ಲಿ ಮಾತಾಡುವವರು. ನಾನು ಅವರಿಗೆ ಉತ್ತರ ಕೊಟ್ಟದ್ದು ಮಲಯಾಳದಲ್ಲಿ. ಇಬ್ಬರಿಗೂ ಅದು ಆಮೇಲೆ ಗೊತ್ತಾಯಿತು. ಎರಡು ವರ್ಷದ ಹಿಂದೆ ಒಬ್ಬ ರಫೀಕ್ ತಲೆ ಕೊಟ್ಟು ಕಿತ್ತುಕೊಂಡದ್ದನ್ನು ಒಬ್ಬ ರಾಫಿ ತಲೆ ಕೊಟ್ಟು ವಾಪಸ್ ತಂದ ಅಂತ ನಾವು ನಂಬಿದೆವು.

ಏಳು ನಿಮಿಷ ನಂಬಿದೆವು. 44ಕ್ಕೆ ಸೆರೆನೊ ಎಂಬವರು ಅದೇ ರೀತಿ ಕಾರ್ನರಿಗೆ ತಲೆ ಕೊಟ್ಟು ಸಮ ಮಾಡಿದರು. ಆಮೇಲೆ ಯಾರದ್ದೂ ಇಲ್ಲ. ಪೆನಾಲ್ಟಿ.

ಈಗ ಹೇಳಬೇಕಾದ ಮಾತಿಗೆ ಬಂದೆ. ಕೋಲ್ಕತ್ತದ ಮೊದಲ ಪೆನಾಲ್ಟಿ ಹೊಡೆಯಲು ಬಂದವರು ಯಾರು? ಹ್ಯೂಮೇಟ್ಟನ್. 2015ಕ್ಕೇ ಅವರು ನಮ್ಮನ್ನು ಬಿಟ್ಟು ಕೋಲ್ಕತ್ತಕ್ಕೆ ಹೋಗಿದ್ದರು. ಕೊಚ್ಚಿಯ 50 ಸಾವಿರಕ್ಕೂ ಹೆಚ್ಚು ಜನ, ನಮ್ಮ ಅಂಗಳದ ಇಪ್ಪತ್ತು ಜನ, ಎಲ್ಲರೂ ಅವರಿಗೆ ಎದುರು. ನಮ್ಮ ಗೋಲ್‌ಕೀಪರ್ ಗ್ರಹಾಂ ಸ್ಟಾಕ್ ಆ ಚೆಂಡನ್ನು ತಡೆದರು. ಅಂಗಳ ಮತ್ತೆ ಎದ್ದಿತು. ಆದರೆ ಟೈಲರ್ ಏಟ್ಟನ್ ಏಳಲಿಲ್ಲ. "ಪಾವಂ" ಅಂದರು. ಪಾಪ ಅಂತ. ಹ್ಯೂಮ್ ತಲೆ ತಗ್ಗಿಸಿ ಹಿಂದೆ ನಡೆಯುತ್ತಿದ್ದರು. ಆ ಬೋಳು ತಲೆಯನ್ನು ನೋಡಿ ನನಗೂ ಸಂತೋಷ ಅರ್ಧಕ್ಕೆ ನಿಂತಿತು.

ಆಮೇಲೆ ನಮ್ಮ ಎನ್‌ಡೋಯೆ ಚೆಂಡನ್ನು ಗೋಲಿನ ಮೇಲಿಂದ ಹೊರಗೆ ಹೊಡೆದರು. ಹೆಂಗ್ಬಾರ್ಟ್ ಹೊಡೆದದ್ದು ಕೀಪರ್ ಕಾಲಿಗೆ ತಾಗಿತು. 4-3 ಸೋಲು. ರಾತ್ರಿ ಹನ್ನೊಂದರವರೆಗೆ ನಾವು ಮಾತಿಲ್ಲದೆ ಚೆಲ್ಲಿದ ಅಡಿಕೆ ಹೆಕ್ಕಿದೆವು.

ಮರುದಿನ ಅಪ್ಪನ ಹತ್ತಿರ ಹ್ಯೂಮ್ ಕಥೆ ಹೇಳಿ ಬೈದೆ. ನಮ್ಮ ತಂಡದಲ್ಲಿ ಹೆಸರು ಮಾಡಿ ಆ ತಂಡಕ್ಕೆ ಹೋದ ಅಂತ. ಅಪ್ಪ ಎಲೆಗೆ ಸುಣ್ಣ ಸವರುತ್ತಾ ಕೇಳಿದರು. "ಆ ತಂಡದಲ್ಲಿ ಚೆನ್ನಾಗಿ ಆಡಿದನಾ?" ಆಡಿದ ಅಂದೆ. "ಮತ್ತೆಂತ? ತಾಳಮದ್ದಳೆಯಲ್ಲಿ ಶೇಣಿಯವರು ಇವತ್ತು ವಾಲಿ, ನಾಳೆ ಮಾಗಧ. ಎದುರಿಗೆ ಕೂತವರ ಹತ್ತಿರ ಒಂದಿಷ್ಟೂ ಬಿಟ್ಟು ಮಾತಾಡ್ಲಿಕ್ಕಿಲ್ಲ. ಆಟ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಚಹಾ ಕುಡಿಯುದು." ನನಗೆ ಆಗ ಸಿಟ್ಟು ಬಂದಿತ್ತು. ಇದು ವೇಷ ಇಲ್ಲದೆ ಕೂತು ವಾದ ಮಾಡುವ ತಾಳಮದ್ದಳೆ ಅಲ್ಲ ಅಂತ ಎದ್ದು ಹೋದೆ.

ಒಂದು ವರ್ಷ ಕಳೆದು ಹ್ಯೂಮ್ ಮತ್ತೆ ನಮ್ಮಲ್ಲಿಗೇ ಬಂದರು. ಆ ಸೀಸನ್‌ನಲ್ಲಿ ದೊಡ್ಡ ಹೆಸರುಗಳ ಸಂತೆ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಫರ್ಗ್ಯುಸನ್ ಜತೆ ಕೆಲಸ ಮಾಡಿದ ರೆನೆ ಮ್ಯೂಲೆನ್ಸ್ಟೀನ್ ಕೋಚ್, ಅಲ್ಲಿಯವರೇ ಆದ ಬರ್ಬಟಾವ್, ವೆಸ್ ಬ್ರೌನ್. ಬರ್ಬಟಾವ್ ಹೆಸರಿಗೆ ಪೇಟೆಯಲ್ಲಿ ಫ್ಲೆಕ್ಸ್ ಬಿತ್ತು. ಗೋಲು ಬಿದ್ದದ್ದು ಒಂದೇ. ಮ್ಯೂಲೆನ್ಸ್ಟೀನ್ ಹೊಸ ವರ್ಷದ ಆರಂಭಕ್ಕೇ ಹೋದರು, ಡೇವಿಡ್ ಜೇಮ್ಸ್ ಮತ್ತೆ ಬಂದರು. ಆ ಸಂತೆಯಲ್ಲಿ ನಿಜವಾಗಿ ಉಳಿದದ್ದು 2018ರ ಜನವರಿಯ ಒಂದು ರಾತ್ರಿ. ದೆಹಲಿಯಲ್ಲಿ ಹ್ಯೂಮ್‌ಗೆ ತಲೆ ಒಡೆಯಿತು. ಬಿಳಿ ಬಟ್ಟೆ ಸುತ್ತಿಕೊಂಡು, ರಕ್ತ ಒರೆಸಿಕೊಂಡು, ಮೂರು ಗೋಲು ಹೊಡೆದರು. ಟೈಲರ್ ಏಟ್ಟನ್ ಅವತ್ತು ನನ್ನ ಮುಖವನ್ನೇ ನೋಡಿದರು. ಏನೂ ಹೇಳಲಿಲ್ಲ.

ನಡುವಿನ ಎರಡು ಮೂರು ವರ್ಷ ಬೇಗ ದಾಟಿಸುತ್ತೇನೆ. ಎಲ್ಕೊ ಶಟೋರಿ ಎಂಬ ಡಚ್ ಕೋಚ್‌ನ ಆಟ ನೋಡಲು ಚಂದ ಇತ್ತು, ಅಂಕಪಟ್ಟಿ ನೋಡಲು ಚಂದ ಇರಲಿಲ್ಲ. ಅವರ ಜತೆಗೆ ಬಂದ ನೈಜೀರಿಯದ ಒಗ್ಬೆಚೆ 15 ಗೋಲು ಹೊಡೆದು ಮರುವರ್ಷ ಹೊರಟರು. ರಾಫಿಯೂ ಚೆನ್ನೈಗೆ ಹೋಗಿ, ಅಲ್ಲಿ ಕಪ್ ಗೆದ್ದು, ಒಗ್ಬೆಚೆ ಬಂದ ವರ್ಷವೇ ವಾಪಸ್ ಬಂದಿದ್ದರು. ವಯಸ್ಸಾಗಿತ್ತು. ಕೊರೊನಾ ಬಂತು. ಎಲ್ಲ ಆಟ ಗೋವಾದಲ್ಲಿ, ಖಾಲಿ ಗ್ಯಾಲರಿ ಎದುರು. ಆ ವರ್ಷದ ಕೋಚ್ ಕಿಬು ವಿಕುನಾ ಮುಖ ನಮಗೆ ಸರಿಯಾಗಿ ನೆನಪಿಲ್ಲ. ಅದು ಅವರ ತಪ್ಪಲ್ಲ.

2020ರಲ್ಲೇ ಇನ್ನೊಬ್ಬರು ಹೋದರು. ಸಂದೇಶ್ ಜಿಂಗನ್. ಮೊದಲ ವರ್ಷದಿಂದ ಇದ್ದ ಚಂಡೀಗಢದ ಹುಡುಗ, ಉದ್ದ ಕೂದಲು, ಎದುರು ಬಂದವರು ಹೆದರುವ ಡಿಫೆಂಡರ್. ನಮ್ಮಲ್ಲಿ ಯಾರಿಗಾದರೂ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಒಪ್ಪುತ್ತಿದ್ದರೆ ಅದು ಅವರಿಗೆ. ಕ್ಲಬ್ಬು ಅವರ 21ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂದಿತು. ಕೊಚ್ಚಿ ಸ್ಟೇಡಿಯಂ ಹೊರಗೆ ಚೌಕಾಸಿ ಮಾಡಿ ತೆಗೆದುಕೊಂಡ 21ರ ಅಂಗಿ ನನ್ನಲ್ಲಿ ಇತ್ತು. ಇಸ್ತ್ರಿ ಮಾಡಿ ಇಡುತ್ತಿದ್ದೆ. ಅವರು ಸೇರಿದ್ದು ಕೋಲ್ಕತ್ತವನ್ನೇ. 2022ರ ಫೆಬ್ರುವರಿಯಲ್ಲಿ ನಮ್ಮ ವಿರುದ್ಧ ಆಡಿದ ಮೇಲೆ ಅವರ ಬಾಯಿಂದ ಒಂದು ಹಗುರ ಮಾತು ಬಂತು. ಹೆಂಗಸರನ್ನೂ ನಮ್ಮ ತಂಡವನ್ನೂ ಒಟ್ಟಿಗೆ ಹಗುರ ಮಾಡುವಂಥ ಮಾತು. ಅವರು ಕ್ಷಮೆ ಕೇಳಿದರು. ಅಭಿಮಾನಿಗಳು ಆ 21ನ್ನು ಇನ್ಯಾರಿಗಾದರೂ ಕೊಡಿ ಅಂತ ಕೂಗಿದರು. ನಾನು ಅಂಗಿಯನ್ನು ಅಡಿಕೆ ಕೊಟ್ಟಿಗೆಗೆ ಎಸೆದೆ, ಕೈ ಒರೆಸಲಿಕ್ಕೆ.

ಆಗ ನಮಗೆ ಹೊಸ ಆಶಾನ್ ಸಿಕ್ಕಿದ್ದರು. ಸರ್ಬಿಯದ ಇವಾನ್ ವುಕೊಮನೊವಿಚ್. ಎತ್ತರದ ಜನ, ಬಿಳಿ ಅಂಗಿಯ ತೋಳು ಮಡಚಿ ನಿಲ್ಲುವ ಠೀವಿ. ಲೂನಾ, ವಾಸ್ಕ್ವೆಜ್, ಡಿಯಾಜ್, ನಮ್ಮ ಸಹಲ್. ಆ ವರ್ಷದ ಆಟ ನೆನೆಸಿಕೊಂಡರೆ ಬಾಯಲ್ಲಿ ಬೆಲ್ಲ ಇಟ್ಟ ಹಾಗೆ. 2022ರ ಮಾರ್ಚ್ 20ಕ್ಕೆ ಗೋವಾದ ಫತೋರ್ಡದಲ್ಲಿ ಫೈನಲ್. ಎದುರು ಹೈದರಾಬಾದ್. ಅವರದ್ದೂ ಹಳದಿ ಅಂಗಿ. ಪಟ್ಟಿಯಲ್ಲಿ ಅವರು ನಮಗಿಂತ ಮೇಲೆ, ಹಾಗಾಗಿ ಹಳದಿ ಹಾಕುವ ಹಕ್ಕು ಅವರಿಗೆ. ನಮ್ಮವರು ಕಪ್ಪು ಅಂಗಿಯಲ್ಲಿ ಇಳಿದರು. ಗದ್ದೆಯಲ್ಲಿ ಕಟ್ಟಿದ ಪರದೆಯ ಎದುರು ನಾವೆಲ್ಲ ಹಳದಿ ಹಾಕಿ ಕೂತು ಕಪ್ಪಿನವರಿಗೆ ಕೂಗುತ್ತಿದ್ದೆವು. ಅಲ್ಲೇ ಕುಳಿತಿದ್ದ ಒಬ್ಬ ಅಜ್ಜನಿಗೆ ಕೊನೆವರೆಗೂ ನಮ್ಮದು ಯಾವುದು ಅಂತ ತಿಳಿಯಲಿಲ್ಲ.

ತೃಶೂರಿನ ರಾಹುಲ್ 68ಕ್ಕೆ ಗೋಲು ಹೊಡೆದರು. 88ಕ್ಕೆ ಸಮ. ಮತ್ತೆ ಪೆನಾಲ್ಟಿ. ಹೈದರಾಬಾದಿನ ಗೋಲಿನಲ್ಲಿ ಲಕ್ಷ್ಮೀಕಾಂತ ಕಟ್ಟಿಮನಿ. ಹೆಸರು ನೋಡಿದರೆ ಉತ್ತರ ಕರ್ನಾಟಕದ ಕಡೆಯದ್ದು, ಆಟ ಬೆಳೆದದ್ದು ಗೋವಾದಲ್ಲಿ. ನಮ್ಮ ಮೂವರದ್ದನ್ನು ಹಿಡಿದುಬಿಟ್ಟರು. "ನಿಮ್ಮ ಕನ್ನಡದವನೇ ತೆಗೆದದ್ದು" ಅಂತ ಇಚ್ಚ ನನ್ನನ್ನು ಕುಟ್ಟಿದರು. ಹೈದರಾಬಾದಿನ ಕೊನೆಯ ಪೆನಾಲ್ಟಿ ಹೊಡೆದು ಕಪ್ ಗೆದ್ದುಕೊಟ್ಟವರು ಹಾಲಿಚರಣ್ ನರ್ಜರಿ. ಹಿಂದೆ ನಮ್ಮಲ್ಲೇ ಇದ್ದವರು. ಅವರ ಪಕ್ಕದಲ್ಲಿ ಕುಣಿಯುತ್ತಿದ್ದವರು ಒಗ್ಬೆಚೆ. ಅವರೂ ನಮ್ಮವರೇ.

ಮೂರು ಫೈನಲ್. ಮೂರರಲ್ಲೂ ಎದುರು ಬದಿಯಲ್ಲಿ ನಮ್ಮ ಜನ. 2014ರಲ್ಲಿ ಮುಂದೆ ನಮ್ಮವರಾಗಲಿದ್ದ ರಾಫಿ, 2016ರಲ್ಲಿ ಹ್ಯೂಮ್, 2022ರಲ್ಲಿ ಒಗ್ಬೆಚೆ, ನರ್ಜರಿ. ಇದನ್ನು ಲೆಕ್ಕ ಹಾಕಿ ಹೇಳಿದ್ದು ಟೈಲರ್ ಏಟ್ಟನ್. "ನಮ್ಮ ಮನೆ ಮದುವೆಯ ಹಾಗೆ. ಎರಡೂ ಕಡೆಯಲ್ಲಿ ನೆಂಟರು." ಕಾಸರಗೋಡಿನವರಿಗೆ ಇದು ಅರ್ಥ ಮಾಡಿಕೊಳ್ಳಲಿಕ್ಕೆ ಕಷ್ಟ ಇಲ್ಲ. ನಮ್ಮ ಅತ್ತೆ ಪುತ್ತೂರಿನಲ್ಲಿ, ಅಕ್ಕ ಕಣ್ಣೂರಿನಲ್ಲಿ.

ಮರುವರ್ಷ, 2023ರ ಮಾರ್ಚ್ 3. ಪ್ಲೇಆಫ್. ಎದುರು ಬೆಂಗಳೂರು, ಅದೂ ಕಂಠೀರವದಲ್ಲಿ. ಅಣ್ಣ ಟಿಕೆಟ್ ಮಾಡಿಸಿದರು. ಅವರು ನೀಲಿಯವರ ವೆಸ್ಟ್ ಬ್ಲಾಕಿನಲ್ಲಿ, ನಾನು ಹಳದಿಯವರ ನಡುವೆ. ಒಳಗೆ ಹೋಗುವ ಸಾಲಿನಲ್ಲಿ ನೀಲಿ ಅಂಗಿಯ ಹುಡುಗನೊಬ್ಬ ನಮ್ಮ ಗುಂಪಿಗೆ ಏನೋ ಚುಚ್ಚಿದ. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಅವನು ತಬ್ಬಿಬ್ಬಾದ. "ಕನ್ನಡದವ್ರಾ? ಮತ್ತೆ ಇದೇನ್ ಗುರೂ?" ನನ್ನ ಅಂಗಿ ತೋರಿಸಿ ಕೇಳಿದ. ಸಾಲು ಮುಂದೆ ಹೋಯಿತು. ಉತ್ತರ ಬಾಕಿ ಉಳಿಯಿತು.

90 ನಿಮಿಷ ಯಾರದ್ದೂ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಗಿ ಐದಾರು ನಿಮಿಷಕ್ಕೆ ಬೆಂಗಳೂರಿಗೆ ಫ್ರೀಕಿಕ್. ನಮ್ಮ ಕೀಪರ್ ಗೋಲಿನಿಂದ ಮುಂದೆ ಬಂದು ಗೋಡೆ ಸರಿ ಮಾಡುತ್ತಿದ್ದರು. ಸುನಿಲ್ ಛೆಟ್ರಿ ಚೆಂಡನ್ನು ಸುಮ್ನೆ ತಟ್ಟಿದರು. ಖಾಲಿ ಗೋಲಿಗೆ ಹೋಯಿತು. ನಾವು ಕೂತಲ್ಲಿಂದ ಅದು ಗೋಲು ಅಂತ ಗೊತ್ತಾದದ್ದು ಎದುರು ಬದಿ ಎದ್ದು ಕುಣಿದಾಗ. ನಮ್ಮ ಆಟಗಾರರು ರೆಫ್ರಿಯ ಸುತ್ತ ನಿಂತು ವಾದ ಮಾಡಿದರು. ಆಗ ಇವಾನ್ ಮೈದಾನದ ಅಂಚಿಗೆ ಬಂದು ಎಲ್ಲರನ್ನೂ ಕೈ ಬೀಸಿ ಕರೆದರು. ತಂಡ ಹೊರಗೆ ನಡೆಯಿತು. ವಾಪಸ್ ಬರಲಿಲ್ಲ. ಸುಮಾರು ಇಪ್ಪತ್ತು ನಿಮಿಷ ಕಾದು ಆಟ ಮುಗಿಯಿತು ಅಂತ ಸೀಟಿ ಊದಿದರು. ಬೆಂಗಳೂರಿಗೆ ಗೆಲುವು.

ಗೇಟಿನ ಹತ್ತಿರ ಅಣ್ಣ ಕಾಯುತ್ತಿದ್ದರು. ಸ್ಕೂಟರಿನ ಹಿಂದೆ ಕೂತೆ. ಮುಂದೆ ನೀಲಿ, ಹಿಂದೆ ಹಳದಿ. ಸಿಗ್ನಲ್‌ನಲ್ಲಿ ಜನ ನೋಡಿ ನಗುತ್ತಿದ್ದರು. ಅಣ್ಣ ಗೆದ್ದವರು, ಆದರೆ ಖುಷಿಯಲ್ಲಿ ಇರಲಿಲ್ಲ. ದೋಸೆ ತಿನ್ನುವಾಗ ಮೆಲ್ಲ ಮಾತು ಶುರು ಮಾಡಿದರು. ಈ ಪಂದ್ಯದ್ದಲ್ಲ. ಬೆಂಗಳೂರಿನ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಕಾಲದ್ದು. ಕ್ಲಬ್ಬು ಹುಟ್ಟಿದ ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು, ಆಲ್ಬರ್ಟ್ ರೋಕಾ ದೋಹಾವರೆಗೆ ಕರೆದುಕೊಂಡು ಹೋದದ್ದು, ಕ್ವಾದ್ರಾತ್ ಕಾಲದಲ್ಲಿ ಗೋವಾದ ಎದುರು ರಾಹುಲ್ ಭೇಕೆ ತಲೆ ಕೊಟ್ಟು ಐಎಸ್‌ಎಲ್ ಕಪ್ ತಂದದ್ದು. ಇಷ್ಟು ಕಪ್ ಇರುವವರೂ ಹೋದವರನ್ನು ನೆನೆಸಿಕೊಂಡು ಕೊರಗುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಪ್ ಇಲ್ಲದ ಬಡವರಿಗೆ ಮಾತ್ರ ಆ ಖಾಯಿಲೆ ಅಂದುಕೊಂಡಿದ್ದೆ. "ವಿನೀತ್ ಹೇಗಿದ್ದಾರಂತೆ?" ಅಂತ ಕೇಳಿದರು, ನೆರೆಮನೆಯವರ ಬಗ್ಗೆ ಕೇಳಿದ ಹಾಗೆ.

ಮೈದಾನ ಬಿಟ್ಟು ಹೋದದ್ದಕ್ಕೆ ನಮ್ಮ ಕ್ಲಬ್ಬಿಗೆ ನಾಲ್ಕು ಕೋಟಿ ದಂಡ ಬಿತ್ತು. ಇವಾನ್‌ಗೆ ಐದು ಲಕ್ಷ ಮತ್ತು ಹತ್ತು ಪಂದ್ಯ ನಿಷೇಧ. ಊರಿನಲ್ಲಿ ಎಲ್ಲರೂ ಅವರ ಪರ. ನಾನೂ ಪರವೇ. ಅಪ್ಪ ಮಾತ್ರ ಪತ್ರಿಕೆ ಮಡಚಿಟ್ಟು ಹೇಳಿದರು. "ಏನೇ ಅನ್ಯಾಯ ಆಗ್ಲಿ, ಭಾಗವತ ಜಾಗಟೆ ಕೆಳಗೆ ಇಡ್ಲಿಕ್ಕಿಲ್ಲ. ಮಂಗಳ ಹಾಡಿಯೇ ಏಳ್ಬೇಕು." ಮೊದಲ ಸಲ ಅವರು ನಮ್ಮ ಪಂಚಾಯತಿಕೆಗೆ ತಾವಾಗಿ ಬಂದದ್ದು. ಅವರ ಮಾತು ಸರಿ ಅಂತ ನನಗೆ ಒಳಗೊಳಗೆ ಅನ್ನಿಸಿತು. ಆದರೂ ಅಕ್ಟೋಬರ್ 27ಕ್ಕೆ ಇವಾನ್ ನಿಷೇಧ ಮುಗಿಸಿ ಕೊಚ್ಚಿಗೆ ಬರುವಾಗ ನಾನು ರೈಲು ಹತ್ತಿದೆ. ಅವತ್ತು ಒಡಿಶಾವನ್ನು 2-1 ಸೋಲಿಸಿದೆವು. ಅವರು ಒಳಗೆ ಬಂದಾಗ ಎದ್ದ ಸದ್ದು ನನ್ನ ಕಿವಿಯಲ್ಲಿ ಚೆರ್ವತ್ತೂರು ದಾಟುವವರೆಗೂ ಇತ್ತು. ಮುಂದಿನ ಏಪ್ರಿಲ್‌ನಲ್ಲಿ ಅವರೂ ಹೋದರು. ಕಪ್ ಇಲ್ಲದೆ.

ಲೂನಾ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. 2022ರಲ್ಲಿ ಫೈನಲ್ ಸೋತ ಮರು ತಿಂಗಳು ಅವರ ಆರು ವರ್ಷದ ಮಗಳು ತೀರಿಕೊಂಡಳು. ಅಕ್ಟೋಬರಿನಲ್ಲಿ ಕೊಚ್ಚಿಗೆ ವಾಪಸ್ ಬಂದು ಮೊದಲ ಪಂದ್ಯದಲ್ಲೇ ಗೋಲು ಹೊಡೆದು ಅತ್ತರು. ಅವತ್ತು ಇಚ್ಚ ಟಿವಿ ಎದುರಿನಿಂದ ಎದ್ದು ಹೋಗಿ ಒಲೆ ಹತ್ತಿರ ನಿಂತರು. ಇದಕ್ಕಿಂತ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ.

ಈ ಸಲ ಮಳೆ ಬೇಗ ಹಿಡಿಯುವ ಲಕ್ಷಣ ಕಂಡು ತೋಟಕ್ಕೆ ಮೊದಲ ಮದ್ದು ಬಿಡಿಸಿದೆವು. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ. ಮದ್ದು ಬಿಡುವವರಿಗೆ ಹಾಕಿಕೊಳ್ಳಲು ಹಳೆ ಅಂಗಿ ಬೇಕಿತ್ತು. ಅಪ್ಪ ಕೊಟ್ಟಿಗೆಯಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ಕೊಟ್ಟರು. ಸಂಜೆ ನೋಡುತ್ತೇನೆ, ನನ್ನ 21ರ ಅಂಗಿ ತಂತಿಯ ಮೇಲೆ ಒಣಗುತ್ತಾ ಇತ್ತು. ಹಳದಿಯ ಮೇಲೆಲ್ಲ ನೀಲಿ ಕಲೆ. ತೊಳೆದರೂ ಹೋಗುವುದಿಲ್ಲ, ಮೈಲುತುತ್ತಿನ ಕಲೆ.

ರಜೆಗೆ ಬಂದಿದ್ದ ಅಣ್ಣ ಅದನ್ನು ನೋಡಿ ಜೋರು ನಕ್ಕರು. ಫೋಟೋ ತೆಗೆದರು.

ಅಪ್ಪ ಎಲೆಯಡಿಕೆ ಹಾಕುತ್ತಾ ಆ ನಂಬರನ್ನು ನೋಡಿದರು. "ಅದು ಯಾರದ್ದು?"

"ಮೊದಲು ನಮ್ಮಲ್ಲಿ ಇದ್ದವ. ಜಿಂಗನ್ ಅಂತ."

"ಉದ್ದ ಕೂದಲಿನವನಾ? ಈಗ ಯಾವ ಮೇಳ?"

"ಗೋವಾ."

"ಹೇಗುಂಟು?"

ನಾನು ಸ್ವಲ್ಪ ಹೊತ್ತು ಯೋಚಿಸಿದೆ.

"ಒಳ್ಳೆದುಂಟು" ಅಂದೆ. ಮಳೆ ಹನಿ ಬೀಳತೊಡಗಿತ್ತು. ಅಂಗಿ ಒಳಗೆ ತಂದೆ.